ಇದು ನಮ್ಮ ಟ್ಯಾಂಕ್ ಅಲ್ಲ

ದ್ರವ ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಪುಣೆಯಲ್ಲಿ ನನ್ನ ಪಿಎಚ್‌ಡಿ ಕೆಲಸವಾಗಿತ್ತು. ಅದಕ್ಕೆ ಹತ್ತಿರದ ಕುರಕುಂಭದ ಒಂದು ಕಾರ್ಖಾನೆಯಲ್ಲಿ ರಾಸಾಯನಿಕ ಕಲಸುವ ಟ್ಯಾಂಕನ್ನು ಆರಿಸಿಕೊಂಡಿದ್ದೆ. ಎಂಟು ತಿಂಗಳಾದರೂ ನನ್ನ ಲೆಕ್ಕ ಅಲ್ಲಿನ ಅಳತೆಗೆ ಹೊಂದಲಿಲ್ಲ. ಕೊನೆಗೆ ಟ್ಯಾಂಕನ್ನೇ ನೋಡಿ ಬರೋಣವೆಂದು ಹೋದೆ.

ಅಲ್ಲಿ ನಿಂತು ಫೋನಿನಲ್ಲಿ, "ಅವ್ವಾ, ನನ್ನ ಥೀಸಿಸ್ ಮುಗಿಯೂದಿಲ್ಲ ಬಿಡು" ಎಂದೆ. ಅಷ್ಟು ಹೊತ್ತೂ ನನ್ನೊಡನೆ ಮರಾಠಿ ಮಾತಾಡುತ್ತಿದ್ದ ಆಪರೇಟರ್ ಮಲ್ಲಪ್ಪ ಥಟ್ಟನೆ ತಿರುಗಿದರು.

"ಯಾಕ್ರೀ ಮೇಡಂ, ಏನಾತು?"

ಲ್ಯಾಪ್‌ಟಾಪ್ ತೆರೆದು ಬಣ್ಣಬಣ್ಣದ ಸುಳಿಗಳನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ದಿಟ್ಟಿಸಿದರು.

"ಭಾಳ ಛಂದ ಅದರೀ. ಆದ್ರ ಇದು ನಮ್ಮ ಟ್ಯಾಂಕ್ ಅಲ್ಲ."

"ನಿಮ್ಮ ಆಫೀಸಿನವ್ರ ಕೊಟ್ಟ ನಕ್ಷೆರೀ ಇದು!"

"ನಕ್ಷೆದಾಗ ಟ್ಯಾಂಕಿನ ಒಳಗಿನ ಗ್ವಾಡಿಗೆ ಸುಳಿ ತಡಿಯಾಕ ನಾಲ್ಕು ಉಕ್ಕಿನ ಪಟ್ಟಿ ಅದಾವ. ಒಂದು ಸಡ್ಲಾಗಿ ಭಾಳ ಗದ್ದಲ ಮಾಡ್ತಿತ್ತು, ನಾನೇ ತೆಗಿಸೀನಿ. ಈಗ ಮೂರೇ ಅದಾವ."

ಪುಣೆಗೆ ಮರಳಿ ಒಂದು ಪಟ್ಟಿ ಅಳಿಸಿ ಲೆಕ್ಕ ಮತ್ತೆ ಓಡಿಸಿದೆ. ಮೂರನೆಯ ದಿನ ನನ್ನ ಲೆಕ್ಕದ ಗೆರೆ, ಕಾರ್ಖಾನೆಯ ಅಳತೆಯ ಗೆರೆ ಎರಡೂ ಒಂದರ ಮೇಲೊಂದು ಬಂದು ಕೂತವು. ನನ್ನ ಗೈಡಿಗಿಂತ ಮೊದಲು ಮಲ್ಲಪ್ಪನವರಿಗೆ ಫೋನ್ ಮಾಡಿ, "ಹೊಂದಿತ್ರೀ!" ಎಂದು ಚೀರಿದೆ. ಅತ್ತಲಿಂದ ಅವರೂ ಚೀರಿದರು.

ಸಂಶೋಧನಾ ಲೇಖನದಲ್ಲಿ ಅವರ ಹೆಸರನ್ನೂ ಸೇರಿಸಿದೆ. ಪತ್ರಿಕೆಯವರು ಪ್ರತಿ ಲೇಖಕರ ವಿಭಾಗ ಯಾವುದೆಂದು ಕೇಳಿದ್ದರು.

"ನಿಮ್ಮದು ಯಾವ ವಿಭಾಗ ಅಂತ ಬರೀಲಿರೀ?"

ಮಲ್ಲಪ್ಪ ಗಂಭೀರವಾಗಿ ಯೋಚಿಸಿ ಹೇಳಿದರು: "ಸೆಕೆಂಡ್ ಶಿಫ್ಟ್ ಅಂತ ಬರೀರಿ."

ಹಾಗೆಯೇ ಅಚ್ಚಾಗಿದೆ.