ಗಂಗಕ್ಕನ ಜರಿಗಿಡ

ಇವತ್ತು ಮೊಮ್ಮಗಳು ನರ್ಸರಿಯಿಂದ ಜರಿಗಿಡದ ಕುಂಡ ತಂದಳು. ಸುರುಳಿ ಬಿಚ್ಚುತ್ತಿದ್ದ ಅದರ ಎಳೆಯ ಎಲೆ ನೋಡಿದ್ದೇ, ನಿಜಾಮರ ಕಾಲದ ಲಿಂಗಸುಗೂರಿನ ನಮ್ಮ ಹಿತ್ತಲು ಕಣ್ಣಿಗೆ ಕಟ್ಟಿತು.

ನನ್ನ ಅಕ್ಕ ಗಂಗವ್ವ ಬಾವಿಯ ಕಲ್ಲುಸಂದಿಯಿಂದ ಇಂಥದೇ ಗಿಡ ತಂದು, ಬೇವಿನ ನೆರಳಲ್ಲಿ, ಒಡೆದ ಕೊಡದಲ್ಲಿ ಬೆಳೆಸಿದ್ದಳು. ಬಿಸಿಲು ಏರಿದರೆ ಸುತ್ತ ಒದ್ದೆ ಗೋಣಿತಾಟು ಕಟ್ಟುತ್ತಿದ್ದಳು. ಕಚೇರಿಯಲ್ಲಿ ಮುನ್ಶಿಯಾಗಿದ್ದ ಅಪ್ಪ ಗೊಣಗುತ್ತಿದ್ದ: "ಹೂವಿಲ್ಲ, ಕಾಯಿಲ್ಲ. ಇದಕ್ಯಾಕ ಇಷ್ಟು ನೀರು ಸುರೀತಿ ಬೇ?"

ಮದುವೆಯಾಗಿ ಜವಳಗೇರಾಕ್ಕೆ ಹೊರಟ ದಿನ ಅಕ್ಕ ಬಂಡಿ ಹತ್ತುತ್ತ, "ಅಪ್ಪಾ, ನಾ ಬರೂತನಕ ಅದಕ್ಕ ನೀರು ಹಾಕು" ಅಂದಳು. ಅಪ್ಪ ನಕ್ಕ. ಚೊಚ್ಚಲ ಹೆರಿಗೆಗೆ ಕರೆತರುವ ಮೊದಲೇ, ಅವಳೂ ಕೂಸೂ ಹೋದ ಸುದ್ದಿ ಬಂತು.

ಆ ಬೇಸಿಗೆ ಬಾವಿ ಬತ್ತಿತು. ಅಪ್ಪ ತಾನು ಕುಡಿಯುವ ತಂಬಿಗೆಯ ನೀರನ್ನೇ ಗಿಡಕ್ಕೆ ಹಾಕಿದ. ಆದರೂ ಎಲೆಗಳೆಲ್ಲ ಉದುರಿದವು. ಆಮೇಲೂ ಬರೀ ಮಣ್ಣಿಗೆ ದಿನಾಲೂ ನೀರು ಹಾಕುತ್ತಿದ್ದ.

"ಅದು ಒಣಗಿ ಹೋಗೇತ್ರಿ. ಇನ್ನ ಬಿಡ್ರಿ" ಅಂದಳು ಅವ್ವ.

ಅಪ್ಪ ತಲೆ ಎತ್ತಲಿಲ್ಲ. "ಆಕಿ ಬಂದು ಕೇಳಿದ್ರ ಏನ ಹೇಳ್ಲಿ?"

ಅವ್ವ ಒಳಗೆ ಹೋಗಿ, ತಂಬಿಗೆ ತುಂಬಿಸಿ ತಂದುಕೊಟ್ಟಳು.

ಕುಂಡ ಎಲ್ಲಿಡಲಿ ಎಂದು ಮೊಮ್ಮಗಳು ಕೇಳುತ್ತಿದ್ದಾಳೆ. ನಾನು ತಂಬಿಗೆಗೆ ನೀರು ತುಂಬಿಸುತ್ತಿದ್ದೇನೆ.