ಗೋಡೆಗೆ ಬೆಳಕು ಹಚ್ಚಿದ್ದು

ಹುಕ್ಕೇರಿ ಕಡೆಯ ಸಾಲಿಗಳಲ್ಲಿ ಚಿತ್ರಕಲಾ ಮಾಸ್ತರನಾಗಿದ್ದವನು ನಾನು. ರಜೆಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ನಿವೃತ್ತಿಯಾದ ಸ್ವಲ್ಪ ದಿನಕ್ಕೆ ಬಲಗೈ ನಡುಗತೊಡಗಿತು. ಡಾಕ್ಟರು “ವಯಸ್ಸಿಂದ್ರಿ, ಅಂಜಬ್ಯಾಡ್ರಿ” ಅಂದರು. ಗೆರೆ ನೆಟ್ಟಗೆ ಬಾರದಾದಾಗ ಕುಂಚಗಳನ್ನು ತೊಳೆದು ಅಟ್ಟಕ್ಕೆ ಹಾಕಿದೆ. ಯಾರಾದರೂ ಬೋರ್ಡು ಬರೆಯಲು ಕರೆದರೆ, “ಈಗೆಲ್ಲ ಫ್ಲೆಕ್ಸ್ ಬಂದಾವಲ್ರಿ” ಎಂದು ಕಳಿಸಿಬಿಡುತ್ತಿದ್ದೆ.

ಸೊಸೆ ಗೋಕಾಕದವಳು. ಮದುವೆಗೆ ಮೊದಲೇ ಅಲ್ಲಿ ಡಿಸೈನಿಂಗ್ ಕಲಿತಿದ್ದಳು. ನಮ್ಮ ಮನೆಗೆ ಬಂದ ಮೇಲೆ ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಪತ್ರಿಕೆ, ಬ್ಯಾನರು ಮಾಡುತ್ತಿದ್ದಳು. ನಾನು ಆ ಕಡೆ ಹಾಯುತ್ತಿರಲಿಲ್ಲ. ಅದು ಅವಳ ಜಾಗ.

ಒಂದು ದಿನ ಅವಳೇ ಕರೆದಳು. “ಮಾವಾರ, ಒಂದೀಟ ಬರ್ರಿ ಇಲ್ಲಿ. ಇದು ಉರ್ಯಾಕತ್ತಂಗ ಕಾಣಸತೈತೇನ್ರಿ?”

ಮೂಡಲಗಿಯಲ್ಲಿ ಗಂಡಹೆಂಡತಿ ಕೂಡಿ ಖಾನಾವಳಿ ಶುರು ಮಾಡುವವರಿದ್ದರು. ಹೊರಗೋಡೆಯ ಮೇಲೆ ‘ರೊಟ್ಟಿ ಊಟ’ ಎಂದು ಕೆಂಪಗೆ ಹೊಳೆಯುವ ದೀಪದ ಅಕ್ಷರ ಬೇಕಂತೆ. ಮಾಡಿಸುವ ಮೊದಲು ಹೇಗೆ ಕಾಣುತ್ತದೆಂದು ನೋಡಬೇಕಂತೆ. ಗೋಡೆಯ ಫೋಟೋ ಕಳಿಸಿದ್ದರು. ಸೊಸೆ ಅದರ ಮೇಲೆ ಅಕ್ಷರ ಕೂಡಿಸಿ, ಸುತ್ತ ಕೆಂಪು ಮಬ್ಬು ಹಾಕಿದ್ದಳು.

“ಉರ್ಯಾಕತ್ತಿಲ್ಲ ಬೇ. ಗ್ವಾಡಿ ಮ್ಯಾಲ ಕುಂಕುಮ ಚೆಲ್ಲಿದಂಗ ಐತಿ” ಅಂದೆ. ಬಾಯಿ ತಪ್ಪಿ ಬಂದ ಮಾತು. ಆಕೆ ನಕ್ಕುಬಿಟ್ಟಳು.

“ಹಂಗಾರ ಏನ್ ಮಾಡೂಣ್ರಿ?”

ಫೋಟೋ ನಡು ಮಧ್ಯಾಹ್ನದ್ದು. ಇಟ್ಟಂಗಿ ಗೋಡೆಯ ತುಂಬ ಬಿಸಿಲು. “ಮೊದಲ ಹೊತ್ತ ಮುಳುಗಸು” ಅಂದೆ.

ಆಕೆ ಫೋಟೋದೊಳಗಿನ ಬಿಸಿಲು ಇಳಿಸಿ, ಸಂಜೆಯ ನೀಲಿಗಪ್ಪು ತಂದಳು. ಅಕ್ಷರದ ನಡುವಿನ ಬಣ್ಣ ತೆಗಿ ಅಂದೆ; ಬೆಳಕು ಬಲವಾಗಿರುವಲ್ಲಿ ಬಣ್ಣ ಕಾಣುವುದಿಲ್ಲ, ಬಿಳಿಯೇ ಕಾಣುತ್ತದೆ. ಆಕೆ ನಡುವೆ ತೆಳ್ಳಗೆ ಬಿಳಿ ಎಳೆ ಇಟ್ಟಳು, ಅಂಚಿಗೆ ಕೆಂಪು. ಅದೇ ಅಕ್ಷರದ ಪ್ರತಿಗಳನ್ನು ಒಂದಕ್ಕಿಂತ ಒಂದು ಅಗಲವಾಗಿ, ಮಸುಕಾಗಿ ಹಿಂದೆ ಹಾಸಿದಳು. ಅಕ್ಷರದ ದೀಪದ ಕೊಳವೆಯನ್ನು ಗೋಡೆಗೆ ಹಿಡಿದಿಡುವ ಪುಟ್ಟ ಕ್ಲಿಪ್ಪುಗಳನ್ನೂ, ಕೆಳಗಿಳಿಯುವ ವೈರನ್ನೂ ಬರೆದಳು. ಅಕ್ಷರ ಹೊತ್ತಿಕೊಂಡಿತು. ಆದರೂ ಗಾಳಿಯಲ್ಲಿ ತೇಲಿದಂತೆಯೇ ಇತ್ತು.

“ಬೆಳಕ ಗ್ವಾಡಿಗಿ ಮುಟ್ಟವಲ್ದು” ಅಂದೆ.

ಆಕೆ ಎದ್ದು ಕುರ್ಚಿ ನನ್ನ ಕಡೆ ಸರಿಸಿದಳು. “ಎಲ್ಲೆಲ್ಲಿ ಬೀಳತೈತಿ, ನೀವ ಹಚ್ರಿ.”

“ನನ್ನ ಕೈ ನಡಗತೈತಲ್ಲ.”

“ನಡಗಲಿ ಬಿಡ್ರಿ. ತಪ್ಪಾದ್ರ ನಾ ಅಳಸತೇನಿ.”

ಕಂಪ್ಯೂಟರಿನ ಕುಂಚವನ್ನು ಆಕೆ ದೊಡ್ಡದು ಮಾಡಿ, ಅಂಚು ಮೆತ್ತಗೆ ಮಾಡಿ, ಬಣ್ಣ ತೀರ ತಿಳಿಯಾಗಿಸಿ ಕೊಟ್ಟಳು. ನನಗಾಗಿಯೇ ಹಾಗೆ ಮಾಡಿದಳೆಂದು ಗೊತ್ತಾಯಿತು. ಅಕ್ಷರದ ಕಡೆ ಮುಖ ಮಾಡಿದ ಇಟ್ಟಂಗಿಗಳ ಅಂಚಿಗೆ ಕೆಂಪು ಹಚ್ಚಿದೆ. ಸಂದುಗಳನ್ನು ಕತ್ತಲೆಯಾಗಿಯೇ ಬಿಟ್ಟೆ. ಗೋಡೆಯ ಬುಡದಲ್ಲಿದ್ದ ನೀರಿನ ಡ್ರಮ್ಮಿನ ಕಂಠಕ್ಕೂ ಒಂದಿಷ್ಟು ಹಚ್ಚಿದೆ. ಕೈ ನಡುಗುತ್ತಲೇ ಇತ್ತು. ಬೆಳಕಿಗೆ ಅದರಿಂದ ಏನೂ ಆಗಲಿಲ್ಲ. ನೋಡನೋಡುತ್ತ ಆ ಅಕ್ಷರ ಗೋಡೆಗೆ ಹೋಗಿ ಕೂತಿತು. ಚಹಾ ಬೇಕು ಎಂದು ಎದ್ದು ಒಳಗೆ ಹೋದೆ.

ಸೊಸೆ ಆ ಚಿತ್ರ ಕಳಿಸಿದ ಮೇಲೆ ಖಾನಾವಳಿಯ ಹೆಣ್ಣುಮಗಳ ಫೋನು ಬಂತು. “ಅಕ್ಕಾರ, ನಮ್ಮನಿಯವ್ರು ಹೊರಗ ಹೋಗಿ ಗ್ವಾಡಿ ನೋಡ್ಕೊಂಡ ಬಂದ್ರ್ರಿ! ಬೋರ್ಡ ಯಾವಾಗ ಹಚ್ಚಿದ್ರು ಅಂತ ನನ್ನ ಕೇಳಾಕತ್ತಾರ!”

ಖಾನಾವಳಿಯ ಶುರುವಾತಿನ ದಿನ ನಮ್ಮಿಬ್ಬರನ್ನೂ ಕರೆದಿದ್ದರು. ಬಸ್ಸು ಹಿಡಿದು ಮೂಡಲಗಿಗೆ ಹೋದೆವು. ನಮ್ಮ ಚಿತ್ರ ನೋಡಿಯೇ ಅಕ್ಷರ ಮಾಡಿಸಿದ್ದರು. ಆದರೆ ಶುರುವಾತಿಗೆಂದು ಗೋಡೆಗೆ ಸುಣ್ಣ ಹೊಡೆಸಿಬಿಟ್ಟಿದ್ದರು! ಸಂಜೆ ಬಟನ್ ಒತ್ತಿದಾಗ ಕೆಂಪು ಬೆಳಕು ಬಿಳಿ ಗೋಡೆಯ ತುಂಬ ಹರಡಿ, ಬಾಗಿಲಲ್ಲಿ ನಿಂತವರ ಮುಖದ ಮೇಲೂ ಬಿತ್ತು. ನಾವು ಹಚ್ಚಿದ್ದಕ್ಕಿಂತ ಚೆಂದವಾಗಿತ್ತು.

ಯಾರೋ ಊಟಕ್ಕೆ ಬಂದವರು, “ಡಿಸೈನ್ ಯಾರ್ ಮಾಡ್ಯಾರ್ರಿ?” ಎಂದು ಕೇಳಿದರು.

ಸೊಸೆ ನನ್ನ ಕಡೆ ತಿರುಗಿದಳು. “ಅಕ್ಷರ ನಾ ಕೂಡಿಸೇನ್ರಿ. ಬೆಳಕ ನಮ್ಮ ಮಾವಾರ ಹಚ್ಯಾರ.”

ನಮ್ಮ ಮನೆಗಳಲ್ಲಿ ಒಬ್ಬರಿಗೊಬ್ಬರು ಉಪಕಾರ ಆಯಿತೆಂದು ಹೇಳುವ ರೂಢಿ ಇಲ್ಲ. ಹೇಳಬೇಕೆಂದು ಬಾಯಿ ತನಕ ಬಂತು, ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮರಳಿ ಬರುವಾಗ ಬಸ್ಸಿನಲ್ಲಿ ಆಕೆ ಕೇಳಿದಳು. “ಮಾವಾರ, ಒಬ್ರು ಬೇಕರಿಯವ್ರು ನೀಲಿ ಅಕ್ಷರ ಕೇಳ್ಯಾರ್ರಿ. ನೀಲಿ ಬೆಳಕ ಗ್ವಾಡಿ ಮ್ಯಾಲ ಹ್ಯಾಂಗ ಬೀಳತೈತ್ರಿ?”

“ಗೊತ್ತಿಲ್ಲವಾ. ಗೋಕಾಕ ಬರಲಿ, ನೋಡೂಣು” ಅಂದೆ.

ದಾರಿಯಲ್ಲಿ ಗೋಕಾಕ ಬಂದಾಗ ಇಬ್ಬರೂ ಕಿಟಕಿಗೆ ಮುಖ ಹಚ್ಚಿ, ಅಂಗಡಿಗಳ ಸಾಲಿನಲ್ಲಿ ನೀಲಿ ದೀಪ ಹುಡುಕಿದೆವು.