ಕಿವಿಯಣ್ಣನ ಸ್ಕ್ರೂಡ್ರೈವರ್

ಅವನ ಗ್ಯಾರೇಜಿಗೆ ಬೋರ್ಡ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಳೆಯ ಕಾರು ಸಾಕಿಕೊಂಡವರೆಲ್ಲ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಕಿವಿಗೂ ತುದಿಯನ್ನು ಓಡುತ್ತಿರುವ ಎಂಜಿನ್ನಿಗೂ ಒತ್ತಿ ಕಣ್ಣು ಮುಚ್ಚಿದನೆಂದರೆ, ಒಳಗೆ ಸವೆದದ್ದು ಯಾವುದು ಎಂದು ಒಂದು ಬೋಲ್ಟೂ ಬಿಚ್ಚದೆ ಹೇಳಿಬಿಡುತ್ತಿದ್ದ. ಜೊತೆಗೆ ದುಡಿಯುತ್ತಿದ್ದ ಅವನ ತಮ್ಮನಿಗೂ ಈಗ ತಲೆ ನರೆತಿದೆ. ಅವನು ಸಂದಿಗೆ ಗೇಜಿನ ತೆಳು ಪಟ್ಟಿ ತೂರಿಸಿ ಅಳೆಯದೆ ಯಾವುದನ್ನೂ ನಂಬುವವನಲ್ಲ.

"ಕಣ್ಣಿಲ್ಲದವನಿಗೆ ಕೋಲು, ಕಿವಿಯಿಲ್ಲದವನಿಗೆ ಗೇಜು," ಎಂದು ಗಿರಾಕಿಗಳ ಎದುರಲ್ಲೇ ಕಿವಿಯಣ್ಣ ಛೇಡಿಸುತ್ತಿದ್ದ. ತಮ್ಮ ನಕ್ಕುಬಿಡುತ್ತಿದ್ದ.

ಒಂದು ದಿನ ನಿವೃತ್ತ ಬಸ್ ಡ್ರೈವರೊಬ್ಬರು ತಮ್ಮ ಹಳೆಯ ಕಾರು ತಂದರು. ಮದುವೆಯಾದ ಹೊಸದರಲ್ಲಿ ಕೊಂಡ ಕಾರು. ಬಾನೆಟ್ಟಿನ ಮೇಲೆ ಕೈಯಿಟ್ಟೇ ಮಾತಾಡುತ್ತಿದ್ದರು. "ಮೇಲ್ಗಡೆ ಏನೋ ಟಿಕ್‌ಟಿಕ್ ಅಂತದೆ ಕಣಪ್ಪ. ಗಡಿಯಾರ ನುಂಗಿದ ಹಾಗೆ."

ಕಿವಿಯಣ್ಣನ ತಮ್ಮ ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದು ರಾಕರ್ ಆರ್ಮ್‌ಗಳಿಗೂ ವಾಲ್ವುಗಳಿಗೂ ನಡುವಿನ ಅಂತರ ನೋಡಿದ. ತಕ್ಕಡಿಯ ದಂಡದಂತೆ ಓಲಾಡುತ್ತ ವಾಲ್ವುಗಳನ್ನು ಒತ್ತುವ ಉಕ್ಕಿನ ತುಂಡುಗಳವು. ಗೇಜು ಎಲ್ಲ ಕಡೆಯೂ ಸರಿಯಾಗಿ ಹಿಡಿಯಿತು. ಮುಚ್ಚಳ ಹಾಕಿ ಎಂಜಿನ್ ಶುರು ಮಾಡಿ, "ಅಳತೆ ಸರಿಯಿದೆ, ಆದ್ರೂ ಅಣ್ಣಾ..." ಎಂದ.

ಕಿವಿಯಣ್ಣ ಸ್ಕ್ರೂಡ್ರೈವರ್ ಒತ್ತಿ ಕಣ್ಣು ಮುಚ್ಚಿದ. ಎಂಜಿನ್ನಿನ ದಪ್ಪ ಗುಡುಗು ಕೇಳಿಸಿತು. ಅದರ ಮೇಲೆ ಬೇರೆ ಸದ್ದೇನೂ ಇರಲಿಲ್ಲ. "ಆದ್ರೂ ಇಲ್ಲ, ಗೀದ್ರೂ ಇಲ್ಲ. ತಣ್ಣಗಿದೆ," ಎಂದು ತೀರ್ಪು ಕೊಟ್ಟ.

ಡ್ರೈವರು ಮರುವಾರ ಮತ್ತೆ ಬಂದರು. ಮತ್ತೆ ಅದೇ ತೀರ್ಪು. ಅವರು ಮುಖ ಸಪ್ಪಗೆ ಮಾಡಿದಾಗ ಕಿವಿಯಣ್ಣನಿಗೆ ರೇಗಿತು. "ಯಜಮಾನ್ರೇ, ಟಿಕ್‌ಟಿಕ್ ಇರೋದು ಕಾರಲ್ಲಲ್ಲ, ನಿಮ್ಮ ಕಿವೀಲಿ. ಅದನ್ನ ತೋರಿಸ್ಕೊಳ್ಳಿ ಹೋಗಿ!"

ಬೆಂಚಿನ ಮೇಲಿದ್ದ ಗಿರಾಕಿಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಡ್ರೈವರೂ ನಗಲು ನೋಡಿ, ಆಗದೆ, ಹೊರಟುಹೋದರು.

ಮುಂದಿನ ತಿಂಗಳು ಅವರು ಬಂದದ್ದು ಅಳಿಯನ ಪಕ್ಕದ ಸೀಟಿನಲ್ಲಿ ಕೂತು.

"ತಪ್ಪು ತಿಳ್ಕೋಬೇಡಪ್ಪ," ಎಂದರು ಇಳಿಯುತ್ತಲೇ. "ನಿನ್ನ ಮಾತಿಗೆ ಎದುರಾಡ್ತಿದೀನಿ ಅಂತಲ್ಲ. ನೀನು ಹೇಳಿದ ಮೇಲೆ ನಾನು ಸ್ಟೇರಿಂಗ್ ಮುಟ್ಟಲಿಲ್ಲ. ಇಲ್ಲದ ಸದ್ದು ಕೇಳೋನು ರಸ್ತೇಲಿ ಯಾರಿಗಾದರೂ ಗುದ್ದಿದ್ರೆ? ಡಾಕ್ಟ್ರ ಹತ್ರ ಹೋದೆ. ಡಬ್ಬದಂಥ ಕೋಣೇಲಿ ಕೂರಿಸಿ ಪೀಂ ಪೀಂ ಅನ್ನಿಸಿ ನೋಡಿದ್ರು. ಕಿವಿ ಸೊಗಸಾಗಿದೆಯಂತೆ. ಅದಕ್ಕೇ... ಇನ್ನೊಂದ್ಸಲ ನೋಡ್ತೀಯಾ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಮನೆಯಲ್ಲಿ ರೇಡಿಯೋ ಸಣ್ಣಗಾಗಿದೆ ಎಂದು ಹೆಂಡತಿಯ ಮೇಲೆ ಹರಿಹಾಯ್ದದ್ದು, ಅವಳು ಎದ್ದುಹೋಗಿ ಅದನ್ನು ಜೋರು ಮಾಡಿದ್ದು, ಎಲ್ಲ ಕಿವಿಯಣ್ಣನಿಗೆ ಒಟ್ಟಿಗೆ ನೆನಪಾಯಿತು. ಅವನು ಸ್ಕ್ರೂಡ್ರೈವರಿಗೆ ಕೈ ಹಾಕಲಿಲ್ಲ. ಎಂಜಿನ್ ಆರಿಸಿ, ಮುಚ್ಚಳ ಬಿಚ್ಚಿ, ರಾಕರ್‌ಗಳನ್ನು ಪೋಣಿಸಿದ್ದ ಸರಳಿನಿಂದ ಒಂದೊಂದಾಗಿ ಕಳಚಿ, ವಾಲ್ವಿನ ತಲೆಗೆ ತಾಗುವ ಮೈಯ ಮೇಲೆ ಹೆಬ್ಬೆರಳಿನ ಉಗುರು ಎಳೆದ. ಉಗುರು ತಡೆಯಿತು. ಬಡಿದು ಬಡಿದು ಅಲ್ಲಿ ಗುಳಿ ಬಿದ್ದಿತ್ತು. ಗೇಜಿನ ಪಟ್ಟಿ ಗುಳಿಯೊಳಕ್ಕೆ ಇಳಿಯದೆ ದಡದಿಂದ ದಡಕ್ಕೆ ಸೇತುವೆಯಂತೆ ಕೂತು ಸುಳ್ಳು ಹೇಳಿತ್ತು. ಆ ಸುಳ್ಳನ್ನು ಹಿಡಿಯಬೇಕಾದದ್ದು ಕಿವಿ.

"ನಿನಗೆ ಆವತ್ತೇ ಕೇಳಿಸಿತ್ತಾ?" ಎಂದು ತಮ್ಮನನ್ನು ತಗ್ಗಿದ ದನಿಯಲ್ಲಿ ಕೇಳಿದ.

ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ತಮ್ಮ ನಿಂತ. "ನೀನು ತಣ್ಣಗಿದೆ ಅಂದ್ಯಲ್ಲಣ್ಣಾ. ಅಷ್ಟು ಜನರ ಮುಂದೆ ಇಲ್ಲ ಅನ್ನೋದು ಹೇಗೆ?"

ಕಿವಿಯಣ್ಣ ಸಾಣೆಯ ಮುಂದೆ ಕೂತು ಗುಳಿ ಕಾಣದಾಗುವವರೆಗೆ, ಆ ಮೈಯ ಉಬ್ಬು ಕೆಡದಂತೆ, ಒಂದೊಂದು ರಾಕರನ್ನೇ ತೀಡಿದ. ತೀರಾ ಸವೆದವಕ್ಕೆ ಬದಲಿ ಹಾಕಿದ. ತಮ್ಮ ಹೊಸದಾಗಿ ಅಂತರ ಕೂರಿಸಿ ಎಂಜಿನ್ ಶುರು ಮಾಡಿದ. ಬೆಂಚಿನವರು ಎದ್ದು ಹತ್ತಿರ ಬಂದರು.

"ನೀನು ಕೇಳಿ ಹೇಳಿಬಿಡಪ್ಪ, ನನಗೆ ಅದೇ ಸಾಕು," ಎಂದರು ಡ್ರೈವರು.

ಕಿವಿಯಣ್ಣ ಅಭ್ಯಾಸದಂತೆ ಸ್ಕ್ರೂಡ್ರೈವರ್ ಒತ್ತಿ ಕಣ್ಣು ಮುಚ್ಚಿದ. ಅದೇ ದಪ್ಪ ಗುಡುಗು. ಸದ್ದಿದ್ದ ಎಂಜಿನ್ ಆವತ್ತು ಹೇಗೆ ಕೇಳಿಸಿತ್ತೋ, ಸರಿಯಾದ ಎಂಜಿನ್ ಇವತ್ತೂ ಹಾಗೆಯೇ ಕೇಳಿಸುತ್ತಿತ್ತು. ತಣ್ಣಗಿದೆ ಎಂದರೆ ಮುಗಿಯಿತು. ಈ ಸಲ ಅದು ನಿಜವೂ ಆಗಿರಬಹುದು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಅವನು ಕಣ್ಣು ತೆರೆದು ಸ್ಕ್ರೂಡ್ರೈವರನ್ನು ಡ್ರೈವರ ಕಡೆಗೆ ಚಾಚಿದ. "ನೀವೇ ಕೇಳಿ ಯಜಮಾನ್ರೇ. ನನಗೆ ಆವತ್ತೂ ಕೇಳಿಸಲಿಲ್ಲ. ಕೆಟ್ಟಿದ್ದು ನನ್ನ ಕಿವಿ."

ಯಾರೂ ನಗಲಿಲ್ಲ. ಡ್ರೈವರು ಮುಜುಗರದಿಂದ ಹಿಡಿಯನ್ನು ಕಿವಿಗಿಟ್ಟು ಬಗ್ಗಿದರು. ಮುಖ ಅರಳಿತು. ಮರುಕ್ಷಣವೇ, ಅರಳಿದ್ದು ತಪ್ಪೇನೋ ಎಂಬಂತೆ, ಅದನ್ನು ಅಡಗಿಸಿಕೊಂಡರು. "ಹೋಗಿದೆಯಪ್ಪ. ಪೂರಾ ಹೋಗಿದೆ." ತಡೆದು, "ಆ ಡಾಕ್ಟ್ರು ಒಳ್ಳೆಯೋರು, ಬೈಯೋದಿಲ್ಲ," ಎಂದರು.

ಈ ಸಲ ಅವರೇ ಸ್ಟೇರಿಂಗ್ ಹಿಡಿದು ಹೋದರು. ಕಿವಿಯಣ್ಣ ಸ್ಕ್ರೂಡ್ರೈವರನ್ನು ಉಜ್ಜಿ ಉಜ್ಜಿ ಒರೆಸಿದ. ಜೇಬಿಗೆ ಹಾಕಿಕೊಳ್ಳಲು ಕೈ ಬರಲಿಲ್ಲ. ತಮ್ಮನ ಸಲಕರಣೆಯ ತಟ್ಟೆಯಲ್ಲಿ, ಗೇಜುಗಳ ಪಕ್ಕ ಇಟ್ಟು, ಅವನ ಮುಖ ನೋಡದೆ ಕೈ ತೊಳೆಯಲು ನಲ್ಲಿಯ ಕಡೆ ನಡೆದ.